ಜೊಲ್ಲಿನ ಟೆಸ್ಟ್ ನೆಗೆಟಿವ್ ಬಂದರೆ ಮಾತ್ರೆ ನುಂಗಿಲ್ಲ ಅಂತಲಾ?

ಪ್ರಶ್ನೆ: ಆತಂಕಕ್ಕೆ ಕೊಡುವ ಡಯಾಜೆಪಾಮ್ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟಿದ್ದಾರೆ, ಅದನ್ನು ಅಣ್ಣ ದಿನಾ ನನ್ನೆದುರೇ ನುಂಗುತ್ತಾನೆ. ಕ್ಲಿನಿಕ್‌ನಲ್ಲಿ ಜೊಲ್ಲು ಪರೀಕ್ಷೆ ಮಾಡಿದರೆ ನೆಗೆಟಿವ್. ಮಾತ್ರೆ ಮಾರಿಕೊಳ್ಳುತ್ತಿದ್ದಾನಾ ಅಂತ ಅನುಮಾನ ಪಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇದೇ ಕತೆ ಎಷ್ಟು ಸಲ ಕೇಳಿದ್ದೇನೋ. ಟೆಸ್ಟ್ ಸ್ಟ್ರಿಪ್ ನೋಡಿ ಮನುಷ್ಯನ ಮೇಲೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ರಕ್ತದಲ್ಲಿರುವ ಔಷಧವೆಲ್ಲ ಜೊಲ್ಲಿಗೆ ಇಳಿಯುವುದಿಲ್ಲ. ಪ್ರೋಟೀನಿಗೆ ಅಂಟಿಕೊಂಡದ್ದು ರಕ್ತದಲ್ಲೇ ಉಳಿಯುತ್ತದೆ, ಬಿಡಿಯಾಗಿರುವುದು ಮಾತ್ರ ನುಸುಳುತ್ತದೆ. ಡಯಾಜೆಪಾಮ್ ನೂರಕ್ಕೆ ಸುಮಾರು 98 ಪಾಲು ಅಂಟಿಕೊಂಡೇ ಇರುತ್ತದೆ. ಜೊಲ್ಲಿಗೆ ಬಂದ ಚೂರುಪಾರು ಕಟಾಫ್ (ಪಾಸಿಟಿವ್ ಅನ್ನಲು ಬೇಕಾದ ಕನಿಷ್ಠ ಪ್ರಮಾಣ) ಮುಟ್ಟದಿದ್ದರೆ ಉತ್ತರ ನೆಗೆಟಿವ್.

ಆಂಫೆಟಮೈನ್ ಎಂಬ ಉತ್ತೇಜಕ ಔಷಧ ಇದಕ್ಕೆ ಉಲ್ಟಾ. ರಕ್ತದ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 7.4. ಜೊಲ್ಲು ಸಾಮಾನ್ಯವಾಗಿ ಅದಕ್ಕಿಂತ ತುಸು ಹುಳಿ. ಇಂಥ ಕ್ಷಾರ ಗುಣದ ಔಷಧ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ, ರಕ್ತದಲ್ಲಿರುವುದಕ್ಕಿಂತ ಜಾಸ್ತಿಯೇ ಸೇರುತ್ತದೆ. ಇನ್ನು ಅಫೀಮಿನಂಥ ಚಟ ಬಿಡಿಸಲು ನಾಲಿಗೆ ಕೆಳಗಿಡುವ ಬ್ಯುಪ್ರೆನಾರ್ಫಿನ್ ಬಾಯಲ್ಲೇ ಮೆತ್ತಿಕೊಂಡಿರುತ್ತದೆ. ಸ್ವಲ್ಪ ಹೊತ್ತು ಇಟ್ಟು ಉಗಿದವನೂ ಪಾಸಿಟಿವ್ ಬಂದಾನು! ಇದು ಗೊತ್ತಿಲ್ಲದೆ ಪರೀಕ್ಷೆ ಮಾಡುವುದೇಕೆ?

ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ (ಸ್ಟ್ರಿಪ್‌ಗಿಂತ ನಿಖರವಾದ ಲ್ಯಾಬ್ ಪರೀಕ್ಷೆ) ಮತ್ತೊಮ್ಮೆ ನೋಡಿ ಎಂದು ಕೇಳಿ. ಜೊತೆಗೆ ಮೂತ್ರವನ್ನೂ ಕೊಡಿ, ಅಲ್ಲಿ ಇದರ ಗುರುತು ಜಾಸ್ತಿ ದಿನ ಉಳಿಯುತ್ತದೆ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ಅಂತ ಬರೆಸಿ. ಒಂದು ಮಾತು ಮಾತ್ರ ಮರೆಯಬೇಡಿ: ಅವಮಾನವಾಯಿತು ಅಂತ ಅಣ್ಣ ಮಾತ್ರೆಯನ್ನು ಸಟ್ಟನೆ ನಿಲ್ಲಿಸಬಾರದು. ದಿನಾ ತೆಗೆದುಕೊಳ್ಳುವವರು ಹಾಗೆ ಬಿಟ್ಟರೆ ಫಿಟ್ಸ್ ಬರಬಹುದು. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲನೇ, ಇರಲಿ.

ಪ್ರಶ್ನೆ: ಮೌತ್‌ವಾಶ್ ಮುಕ್ಕಳಿಸಿದರೆ ತಪ್ಪಿಸಿಕೊಳ್ಳಬಹುದಾ?

ಉತ್ತರ: ಕೆಲವೇ ನಿಮಿಷದಲ್ಲಿ ಹೊಸ ಜೊಲ್ಲು ಊರುತ್ತದೆ. ಸ್ಯಾಂಪಲ್‌ಗೆ ಮುಂಚೆ ಏನೂ ಬಾಯಿಗೆ ಹಾಕದೆ 10 ನಿಮಿಷ ಕೂರಿಸುವುದು ಸುಮ್ನೆ ಅಲ್ಲ. ‘ಡಿಟಾಕ್ಸ್’ ಬಾಟಲಿ ಮಾರುವವರಿಗೆ ನಿಮ್ಮ ದುಡ್ಡು ಬೇಕು, ಅಷ್ಟೇ.

ಪ್ರಶ್ನೆ: ಯಾವಾಗಲೋ ಒಮ್ಮೆ, ತಿಂಗಳ ಹಿಂದೆ ಸೇದಿದ ಗಾಂಜಾ ಸಿಗುತ್ತಾ?

ಉತ್ತರ: ಜೊಲ್ಲಿನಲ್ಲಿ ಇಲ್ಲ. ಅದು ಹೆಚ್ಚಾಗಿ ಒಂದೆರಡು ದಿನದ ಕತೆಯನ್ನಷ್ಟೇ ಹೇಳುತ್ತದೆ.

ಪ್ರಶ್ನೆ: ಮಗ ಮಲಗಿದ್ದಾಗ ಅವನಿಗೆ ಗೊತ್ತಾಗದಂತೆ ಜೊಲ್ಲು ತೆಗೆದು ಕಳಿಸಬಹುದಾ?

ಉತ್ತರ: ಬೇಡ. ಬೆಳಗ್ಗೆ ಎಬ್ಬಿಸಿ, ಅವನನ್ನೇ ಕೇಳಿ.