ಅಪ್ಪ ಅಮ್ಮ ಬರುವ ಮುಂಚೆ ಹಿತ್ತಲ ಬಾಗಿಲಿನ ಅಲಾರಂ ಸರಿಮಾಡಿ

ನೀವು ಕೇಳಿದ್ದು ಇಷ್ಟು, ಅಲ್ವಾ? ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಹಳೇ ಮನೆ ಕೊಂಡಿದ್ದೀರಿ. ಗೋಡೆಯ ಮೇಲೆ ಹನಿವೆಲ್ ಕಂಪನಿಯ ಕಳ್ಳರ ಅಲಾರಂ ಕೀಪ್ಯಾಡ್ ಇದೆ, ಅದರ ಕೋಡ್ ಯಾರಿಗೂ ಗೊತ್ತಿಲ್ಲ. ಮನೆ ಬಾಗಿಲಿಗೆ ಬಂದ ಅಲಾರಂ ಮಾರುವವನೊಬ್ಬ ಮೂರು ವರ್ಷದ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿ ಅನ್ನುತ್ತಿದ್ದಾನೆ. ಅಕ್ಟೋಬರಿನಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಾರೆ, ಅವರಿಗೆ ಈ ಅಲಾರಂ ತೊಂದರೆ ಆಗುತ್ತದಾ ಅಂತ ನಿಮಗೆ ಯೋಚನೆ. ನಾನು ಹತ್ತೊಂಬತ್ತು ವರ್ಷದಿಂದ ಈ ಕಡೆಯೇ ಇದ್ದೇನೆ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ನನ್ನ ಪ್ರಕಾರ ಅದೇ ಮುಖ್ಯ.

ನಮ್ಮ ಅತ್ತೆ ಮಾವ ತುಮಕೂರಿನಿಂದ ಮೊದಲ ಸಲ ಬಂದಾಗ ನಾವು ಅಲಾರಂ ಹಾಕಿಸಿ ಎರಡು ತಿಂಗಳಾಗಿತ್ತು. ರಾತ್ರಿ ಮಲಗುವಾಗ ಸ್ಟೇ ಮೋಡಿಗೆ ಹಾಕುತ್ತಿದ್ದೆವು. ಅಂದರೆ ಬಾಗಿಲು, ಕಿಟಕಿಗಳ ಸೆನ್ಸರ್ ಎಚ್ಚರ ಇರುತ್ತವೆ, ಒಳಗಿನ ಮೋಷನ್ ಸೆನ್ಸರ್ ಸುಮ್ಮನಿರುತ್ತದೆ, ಮನೆಯೊಳಗೆ ಓಡಾಡಬಹುದು. ಮಾವ ಬೆಳಗ್ಗೆ ಐದಕ್ಕೆ ಏಳುವವರು. ಪೂಜೆಗೆ ದಾಸವಾಳ ಕೊಯ್ಯೋಣ ಅಂತ ಹಿತ್ತಲ ಬಾಗಿಲು ತೆಗೆದರು, ತೆಗೆದ ಕ್ಷಣವೇ ಸೈರನ್. ನಾವು ಮಹಡಿಯಿಂದ ಓಡಿ ಬರುವಷ್ಟರಲ್ಲಿ, ಅಲಾರಂ ಮೇಲೆ ದೂರದಿಂದ ಕಣ್ಣಿಡುವ ಮಾನಿಟರಿಂಗ್ ಕಂಪನಿಯಿಂದ ಮನೆ ಫೋನಿಗೆ ಕರೆ ಬಂದು, ಅತ್ತೆ ಎತ್ತಿಕೊಂಡು, ಅವರು ಪಾಸ್‌ವರ್ಡ್ ಕೇಳಿದ್ದಕ್ಕೆ ಇವರು ಗಾಬರಿಯಲ್ಲಿ 'ಯೆಸ್ ಯೆಸ್' ಅಂದು ಇಟ್ಟುಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಇಬ್ಬರು ಪೊಲೀಸರು ಬಾಗಿಲಲ್ಲಿ. ಅವರು ಮರ್ಯಾದೆಯಿಂದಲೇ ಮಾತಾಡಿ ಹೋದರು. ಆದರೆ ಮಾವ ಆಮೇಲೆ ನಾಲ್ಕು ತಿಂಗಳು ಆ ಬಾಗಿಲು ಮುಟ್ಟಲಿಲ್ಲ. ದಿನಾ ಬೆಳಗ್ಗೆ ಸೋಫಾ ಮೇಲೆ ಕೂತು, ನಾವು ಯಾರಾದರೂ ಏಳಲಿ ಅಂತ ಕಾಯುತ್ತಿದ್ದರು. ಅದು ನನಗೆ ಇವತ್ತಿಗೂ ಸಂಕಟ. ಅಷ್ಟು ದೂರದಿಂದ ಬಂದವರನ್ನು ನಮ್ಮದೇ ಮನೆಯಲ್ಲಿ ಬಾಗಿಲಿಗೆ ಹೆದರುವ ಹಾಗೆ ಮಾಡಿದ್ದೆವು. ನಾಲ್ಕು ಬಟನ್ ಒತ್ತಿದ್ದರೆ ಸರಿಹೋಗುವ ವಿಷಯ ಅಂತ ಆಗ ನಮಗೆ ಗೊತ್ತಿರಲಿಲ್ಲ.

ಆಗಿದ್ದೇನೆಂದರೆ, ಪ್ರತಿ ಬಾಗಿಲಿಗೂ ಕಿಟಕಿಗೂ, ಅಲಾರಂ ನಡೆಸುವ ಮುಖ್ಯ ಪೆಟ್ಟಿಗೆಯಾದ ಪ್ಯಾನೆಲ್‌ನಲ್ಲಿ ಒಂದು ಜೋನ್ ನಂಬರ್ ಇರುತ್ತದೆ, ಆ ಜೋನ್ ಯಾವ ಥರದ್ದು ಅಂತ ಹೇಳುವ ಇನ್ನೊಂದು ನಂಬರ್ ಇರುತ್ತದೆ. ಹನಿವೆಲ್ ವಿಸ್ಟಾ ಪ್ಯಾನೆಲ್‌ಗಳಲ್ಲಿ 01 ಅಂದರೆ ಓಡಾಡುವ ಬಾಗಿಲು, ತೆಗೆದರೆ ಮೊದಲು ಬೀಪ್ ಬೀಪ್ ಅನ್ನುತ್ತದೆ, ಕೋಡ್ ಒತ್ತಲು ಸಮಯ ಕೊಡುತ್ತದೆ. 02 ಕೂಡ ಹಾಗೆಯೇ, ಆದರೆ ಅದಕ್ಕೆ ಬೇರೆಯೇ ಸಮಯ ಇಡಬಹುದು. 03 ಅಂದರೆ ಕಿಟಕಿ ಥರದ್ದು, ತೆಗೆದ ತಕ್ಷಣ ಸೈರನ್. ನಮಗೆ ಫಿಟ್ ಮಾಡಿದವನು ಹಿತ್ತಲ ಬಾಗಿಲನ್ನು 03ಕ್ಕೆ ಹಾಕಿ ಹೋಗಿದ್ದ. ಇಲ್ಲಿಯವರು ಗ್ಯಾರೇಜಿನಿಂದಲೇ ಓಡಾಡುವುದು ಜಾಸ್ತಿ, ಹಿತ್ತಲ ಬಾಗಿಲು ಯಾರು ತೆಗೆಯುತ್ತಾರೆ ಅಂದುಕೊಂಡಿರಬೇಕು. ನಮ್ಮವರು ಬಂದರೆ ಬೆಳಗ್ಗೆ ಮೊದಲು ತೆಗೆಯುವುದೇ ಅದು. ಹೂವಿಗೆ, ತುಳಸಿಗೆ ನೀರು ಹಾಕಲು, ಬಟ್ಟೆ ಒಣಗಿಸಲು.

ಹಾಗಾಗಿ ನಿಮ್ಮ ಮೊದಲ ಕೆಲಸ ಹಿತ್ತಲ ಬಾಗಿಲನ್ನು 02ಕ್ಕೆ ಬದಲಾಯಿಸುವುದು. ನಿಮ್ಮ ಪ್ಯಾನೆಲ್ ವಿಸ್ಟಾ 20ಪಿ ಆಗಿದ್ದರೆ, ಫಿಟ್ ಮಾಡುವವರು ಬಳಸುವ ಇನ್‌ಸ್ಟಾಲರ್ ಕೋಡ್ ಒತ್ತಿ 800 ಒತ್ತಿದರೆ ಪ್ರೋಗ್ರಾಮಿಂಗ್ ಒಳಗೆ ಹೋಗುತ್ತೀರಿ. *56ರಲ್ಲಿ ಜೋನ್‌ಗಳು, *34ರಲ್ಲಿ ಹೊರಗೆ ಹೋಗುವ ಸಮಯ, *35ರಲ್ಲಿ 01 ಬಾಗಿಲಿನ ಸಮಯ, *36ರಲ್ಲಿ 02 ಬಾಗಿಲಿನ ಸಮಯ. ಅಮೆರಿಕದ ಅಲಾರಂ ಉದ್ಯಮದ ಮಾನದಂಡದಂತೆ ಬರುವ ಪ್ಯಾನೆಲ್‌ಗಳಲ್ಲಿ ಒಳಬರಲು ಕನಿಷ್ಠ 30 ಸೆಕೆಂಡ್ ಇರುತ್ತದೆ, ಹೊರಹೋಗಲು ಸಾಮಾನ್ಯವಾಗಿ 60. ವಯಸ್ಸಾದವರಿಗೆ 30 ಸಾಲದು. ಕನ್ನಡಕ ಹುಡುಕಬೇಕು, ಲೈಟ್ ಹಾಕಬೇಕು. ನಾನು ನಮ್ಮ ಹಿತ್ತಲ ಬಾಗಿಲಿಗೆ 60 ಇಟ್ಟಿದ್ದೇನೆ, ಮುಂಬಾಗಿಲಿಗೆ 30 ಹಾಗೇ ಬಿಟ್ಟಿದ್ದೇನೆ. ಮುಗಿದ ಮೇಲೆ *99 ಒತ್ತಿ ಹೊರಗೆ ಬನ್ನಿ. *98 ಒತ್ತಬೇಡಿ, ಒತ್ತಿದರೆ ಆಮೇಲೆ ಇನ್‌ಸ್ಟಾಲರ್ ಕೋಡ್ ಸರಿಯಿದ್ದರೂ ಆ ದಾರಿಯಲ್ಲಿ ಒಳಗೆ ಬಿಡುವುದಿಲ್ಲ.

ಇನ್‌ಸ್ಟಾಲರ್ ಕೋಡ್ ಗೊತ್ತಿಲ್ಲ ಅನ್ನುತ್ತೀರಿ. ಕಂಪನಿಯಿಂದ ಬಂದಾಗ ವಿಸ್ಟಾದಲ್ಲಿ ಅದು 4112, ಮೊದಲು ಅದನ್ನೇ ನೋಡಿ. ಆಗದಿದ್ದರೆ ಕ್ಲಾಸೆಟ್‌ನಲ್ಲೋ ಗ್ಯಾರೇಜಿನಲ್ಲೋ ಇರುವ ಲೋಹದ ಪೆಟ್ಟಿಗೆ ತೆಗೆದು, ಟ್ರಾನ್ಸ್‌ಫಾರ್ಮರ್ ಕಳಚಿ, ಬ್ಯಾಟರಿ ವೈರ್ ಬಿಚ್ಚಿ, ಮತ್ತೆ ಪವರ್ ಕೊಟ್ಟ 50 ಸೆಕೆಂಡಿನೊಳಗೆ ಕೀಪ್ಯಾಡ್‌ನಲ್ಲಿ * ಮತ್ತು # ಒಟ್ಟಿಗೆ ಒತ್ತಿ. ಒಳಗೆ ಹೋದ ಮೇಲೆ #20 ಒತ್ತಿದರೆ ಕೋಡ್ ತೋರಿಸುತ್ತದೆ. ಕೈಹಾಕಿದ್ದೀರಲ್ಲ, ಆ ಬ್ಯಾಟರಿಯನ್ನೂ ಬದಲಾಯಿಸಿಬಿಡಿ. 12 ವೋಲ್ಟಿನ ಸೀಲ್ ಮಾಡಿದ ಬ್ಯಾಟರಿ, ಮೂರರಿಂದ ಐದು ವರ್ಷ ಬರುತ್ತದೆ. ಹಳೇದಾದರೆ ಸರಿರಾತ್ರಿಯಲ್ಲಿ ಕೀಪ್ಯಾಡ್ ಕುಯ್ ಕುಯ್ ಅನ್ನಲು ಶುರು ಮಾಡುತ್ತದೆ.

ಈಗ ಬಳಸುವ ಕೋಡ್‌ಗಳು. ಇನ್‌ಸ್ಟಾಲರ್ ಕೋಡ್, ಆಮೇಲೆ 8, ಆಮೇಲೆ 02, ಆಮೇಲೆ ನಿಮಗೆ ಬೇಕಾದ ನಾಲ್ಕು ಅಂಕಿ ಒತ್ತಿ. ಅದು ನಿಮ್ಮ ಮಾಸ್ಟರ್ ಕೋಡ್. ಆಮೇಲೆ ಮಾಸ್ಟರ್ ಕೋಡ್, 8, 03, ಹೊಸ ನಾಲ್ಕು ಅಂಕಿ, ಅದು ನಿಮ್ಮ ಹೆಂಡತಿಗೆ. 04 ಅಪ್ಪನಿಗೆ, 05 ಅಮ್ಮನಿಗೆ. ದಯವಿಟ್ಟು ಎಲ್ಲರಿಗೂ ಒಂದೇ ಕೋಡ್ ಕೊಡಬೇಡಿ. ಒಬ್ಬೊಬ್ಬರಿಗೆ ಒಂದೊಂದಿದ್ದರೆ ಯಾರು ಯಾವಾಗ ಬಂದರು ಪ್ಯಾನೆಲ್‌ಗೆ ಗೊತ್ತಾಗುತ್ತದೆ, ಕ್ಲೀನಿಂಗಿಗೆ ಬರುವವರು ಬಿಟ್ಟುಹೋದರೆ ಅವರದ್ದೊಂದನ್ನೇ ಅಳಿಸಬಹುದು, ಮನೆಯವರೆಲ್ಲ ಹೊಸ ನಂಬರ್ ಕಲಿಯಬೇಕಾಗಿಲ್ಲ. ಅದಕ್ಕಿಂತ ಜಾಸ್ತಿ, ಅಪ್ಪನ ಕೋಡ್ ಅಪ್ಪನೇ ಆರಿಸಲಿ. ಶಿವಮೊಗ್ಗದ ಹಳೇ ಸ್ಕೂಟರ್ ನಂಬರ್ ಆಗಬಹುದು, ಹಳೇ ಲ್ಯಾಂಡ್‌ಲೈನಿನ ಕೊನೆಯ ನಾಲ್ಕು ಅಂಕಿ ಆಗಬಹುದು. ನೀವು ಕೊಟ್ಟ ನಂಬರ್ ಅವರು ಗಾಬರಿಯಲ್ಲಿ ಮರೆಯುತ್ತಾರೆ, ತಮ್ಮ ಸ್ಕೂಟರ್ ನಂಬರ್ ಮರೆಯುವುದಿಲ್ಲ. ಹುಟ್ಟಿದ ವರ್ಷ ಮಾತ್ರ ಬೇಡ. ಹಳೇ ಮನೆ ಅಂದಮೇಲೆ ಹಿಂದಿನವರ ಕೋಡ್‌ಗಳನ್ನೆಲ್ಲ ಅಳಿಸಿ, ಅವರ ಪಕ್ಕದ ಮನೆಯವರಿಗೆ, ನೆಂಟರಿಗೆ ಯಾರಿಗೆಲ್ಲ ಕೊಟ್ಟಿದ್ದರೋ ಯಾರಿಗೆ ಗೊತ್ತು. ಗ್ಯಾರೇಜ್ ಬಾಗಿಲಿನ ರಿಮೋಟ್‌ಗಳನ್ನೂ ಹಾಗೇ ಅಳಿಸಿ ಹೊಸದಾಗಿ ಸೇರಿಸಿ, ಇದನ್ನು ತುಂಬ ಜನ ಮರೆಯುತ್ತಾರೆ.

ಅಪ್ಪ ಅಮ್ಮ ಕಲಿಯಬೇಕಾದ್ದು ಎರಡೇ: ತಮ್ಮ ಕೋಡ್ ಮತ್ತು 1 ಒತ್ತಿದರೆ ಆಫ್, ಕೋಡ್ ಮತ್ತು 3 ಒತ್ತಿದರೆ ಸ್ಟೇ. ಮನೆಯಲ್ಲಿ ಯಾರೂ ಇಲ್ಲದಾಗಿನ 'ಅವೇ' (Away) ಮೋಡ್, ಅಂದರೆ ಕೋಡ್ ಮತ್ತು 2, ಅವರಿಗೆ ಹೇಳಿಕೊಡುವುದೇ ಬೇಡ, ಎಲ್ಲರೂ ಹೊರಗೆ ಹೋಗುವಾಗ ನೀವೇ ಒತ್ತಿ. ಕೋಡ್ ಮತ್ತು 9 ಒತ್ತಿ ಚೈಮ್ ಹಾಕಿಡಿ, ಹಗಲು ಹೊತ್ತು ಯಾವ ಬಾಗಿಲು ತೆಗೆದರೂ ಟಿಂಗ್ ಅನ್ನುತ್ತದೆ. ನಮ್ಮ ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ ಮೊಮ್ಮಗ ಸ್ಕೂಲಿನಿಂದ ಬಂದದ್ದು ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು.

ಆ ಮೂರು ವರ್ಷದ ಕಾಂಟ್ರ್ಯಾಕ್ಟ್. ಬಾಗಿಲಲ್ಲಿ ನಿಂತವನಿಗೆ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಗಾಬರಿ ಬೇಡ, ಮನೆಯಲ್ಲಿ ಮಾಡಿದ ಇಂಥ ಮಾರಾಟವನ್ನು ಮೂರು ವ್ಯವಹಾರ ದಿನದೊಳಗೆ ರದ್ದು ಮಾಡುವ ಹಕ್ಕು ಫೆಡರಲ್ ನಿಯಮದಲ್ಲೇ ಇದೆ. ಬರೆದು ಕಳಿಸಿ, ಕಾಪಿ ಇಟ್ಟುಕೊಳ್ಳಿ. ನಿಮ್ಮ ಪ್ಯಾನೆಲ್ ಹಳೇದು, ಎಲ್ಲ ಬದಲಾಯಿಸಬೇಕು ಅಂತ ಅವನು ಹೇಳಿದ್ದರಲ್ಲಿ ಅರ್ಧ ನಿಜ ಇರಬಹುದು. 2022ರಲ್ಲಿ ಇಲ್ಲಿ 3ಜಿ ನೆಟ್‌ವರ್ಕ್ ನಿಂತುಹೋಯಿತು, ನಿಮ್ಮ ಹಳೇ ಪ್ಯಾನೆಲ್ 3ಜಿಯಲ್ಲೇ ಸುದ್ದಿ ಕಳಿಸುವಂಥದ್ದಾಗಿದ್ದರೆ ಮನೆಯಲ್ಲಿ ಸೈರನ್ ಕೂಗುತ್ತದೆ, ಹೊರಗೆ ಸುದ್ದಿ ಹೋಗುವುದಿಲ್ಲ. ಆದರೆ ಅದಕ್ಕೆ ಬೇಕಾದ್ದು ಸುದ್ದಿ ಕಳಿಸುವ ಒಂದು ಹೊಸ ಕಮ್ಯುನಿಕೇಟರ್ ಮಾತ್ರ. ಬಾಗಿಲಿನ ಸೆನ್ಸರ್, ವೈರಿಂಗ್ ಹಾಗೇ ಇರಲಿ. ತಿಂಗಳಿಗೆ ಇಷ್ಟು ಅಂತ ತೆಗೆದುಕೊಂಡು ಕಾಂಟ್ರ್ಯಾಕ್ಟ್ ಇಲ್ಲದೆ ಮಾನಿಟರ್ ಮಾಡುವವರೂ ಇದ್ದಾರೆ. ಯಾರ ಹತ್ತಿರ ಹೋದರೂ ಒಂದು ಮಾತು ಮೊದಲೇ ಕೇಳಿ: ಬಿಟ್ಟುಹೋಗುವಾಗ ಇನ್‌ಸ್ಟಾಲರ್ ಕೋಡ್ ನನಗೆ ಕೊಡುತ್ತೀರಾ?

ಮಾನಿಟರಿಂಗ್ ತೆಗೆದುಕೊಂಡರೆ ಊರಿನ ಅಲಾರಂ ಪರ್ಮಿಟ್ ಬೇಕು. ಟೆಕ್ಸಾಸಿನಲ್ಲಿ ಮನೆಗೆ ವರ್ಷಕ್ಕೆ 50 ಡಾಲರಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. 12 ತಿಂಗಳಲ್ಲಿ ಮೂರು ಸುಳ್ಳು ಅಲಾರಂ ಆಗುವವರೆಗೆ ದಂಡ ಹಾಕುವ ಹಾಗೂ ಇಲ್ಲ, ಆಮೇಲೆ ಹಾಕಬಹುದು.

ಪಾಸ್‌ವರ್ಡ್ ವಿಷಯ ಮಾತ್ರ ಕೂತು ಯೋಚಿಸಿ. ಅಲಾರಂ ಆದಾಗ ಫೋನ್ ಮಾಡುವವರು ಕೇಳುವುದು ನಂಬರ್ ಅಲ್ಲ, ಒಂದು ಮಾತು. ನಾವು ನಮ್ಮ ಹಳೇ ಬೀದಿಯ ಇಂಗ್ಲಿಷ್ ಹೆಸರು ಕೊಟ್ಟಿದ್ದೆವು, ಅತ್ತೆಯ ಬಾಯಿಗೆ ಅದು ಬರುತ್ತಲೇ ಇರಲಿಲ್ಲ. ಆಮೇಲೆ 'ಇಡ್ಲಿ' ಅಂತ ಬದಲಾಯಿಸಿದೆವು. ಅತ್ತೆಗೂ ಸುಲಭ, ಕೇಳುವವರಿಗೂ ಅರ್ಥವಾಗುತ್ತದೆ. ನೀವು ಬೇರೆ ಯಾವುದಾದರೂ ಇಡಿ, ಎರಡು ಅಕ್ಷರದ್ದಾದರೆ ಒಳ್ಳೆಯದು. ಮೊದಲ ಕರೆ ನಿಮ್ಮ ಮೊಬೈಲಿಗೆ, ಎರಡನೆಯದು ಹೆಂಡತಿಯ ಮೊಬೈಲಿಗೆ ಬರುವ ಹಾಗೆ ಹೇಳಿ.

ಇನ್ನೊಂದು, ಅಪ್ಪ ಅಮ್ಮ ಬಂದಮೇಲೆ ಗೃಹಪ್ರವೇಶ, ಹೋಮ ಅಂತ ಖಂಡಿತ ಶುರುವಾಗುತ್ತದೆ. ಹೊಗೆಯ ಸೆನ್ಸರ್ ಪ್ಯಾನೆಲ್‌ಗೆ ಸೇರಿದ್ದರೆ ಅದು 24 ಗಂಟೆಯೂ ಎಚ್ಚರ, ಅಲಾರಂ ಆಫ್ ಮಾಡಿಟ್ಟರೂ ಅದು ಆಫ್ ಆಗುವುದಿಲ್ಲ, ಕಾಯುವ ಸಮಯವೂ ಇಲ್ಲ. ಹೋಮದ ದಿನ ಬೆಳಗ್ಗೆ ಮಾನಿಟರಿಂಗ್ ಕಂಪನಿಗೆ ಫೋನ್ ಮಾಡಿ ಇಷ್ಟು ಗಂಟೆ ಟೆಸ್ಟ್ ಮೋಡಿನಲ್ಲಿ ಇಡಿ ಅನ್ನಿ, ಫೈರ್ ಎಂಜಿನ್ ಬರುವುದಿಲ್ಲ. ಆ ಹೊತ್ತಿನಲ್ಲಿ ನಿಜವಾಗಿ ಏನಾದರೂ ಆದರೆ ನೀವೇ 911ಕ್ಕೆ ಕರೆ ಮಾಡಬೇಕು, ಅದು ನೆನಪಿರಲಿ. ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದು, ಕಾರುಗಳನ್ನು ಹೊರಗಿಟ್ಟು, ಅದರ ಬಾಯಲ್ಲಿ ಚಿಕ್ಕ ಕುಂಡ ಇಟ್ಟು ಮಾಡಿದರೆ ಇನ್ನೂ ಒಳ್ಳೆಯದು. ಒಗ್ಗರಣೆ ಹೊಗೆಗೆ ಕೂಗುವ ಸೆನ್ಸರ್ ಇದ್ದರೆ ಅದರ ಬ್ಯಾಟರಿ ಕಿತ್ತಿಡಬೇಡಿ, ಒಲೆಯಿಂದ ಹತ್ತು ಅಡಿ ದೂರಕ್ಕೆ ಸರಿಸಿ, ಹಿಂದೆ ಬರೆದ ತಾರೀಖು ನೋಡಿ ಹತ್ತು ವರ್ಷ ದಾಟಿದ್ದರೆ ಹೊಸದು ಹಾಕಿ.

ಅವರು ಬಂದು ನಿದ್ದೆ ಸರಿಹೋದ ಮೇಲೆ ಒಂದು ಶನಿವಾರ ಇದೇ ಟೆಸ್ಟ್ ಮೋಡಿಗೆ ಹಾಕಿಸಿ, ಸೈರನ್ ಒಂದು ಸಲ ಬೇಕೆಂದೇ ಕೂಗಿಸಿ, ಅಪ್ಪನ ಕೈಯಿಂದಲೇ ನಿಲ್ಲಿಸಿ. ಹಿತ್ತಲ ಬಾಗಿಲು ಅವರೇ ತೆಗೆಯಲಿ, ಬೀಪ್ ಅನ್ನುವಾಗ ಅವರೇ ನಡೆದು ಬಂದು ಒತ್ತಲಿ, ನೀವು ಪಕ್ಕದಲ್ಲಿ ನಿಂತು ಮಾತಾಡಬೇಡಿ. ಮಾವ ಎರಡನೇ ಸಲ ಬಂದಾಗ ನಾವು ಹೀಗೇ ಮಾಡಿದ್ದು. ಮೂರು ಸಲ ತಪ್ಪಿದರು, ನಾಲ್ಕನೇ ಸಲ ಸರಿಯಾಯಿತು. ಮಾರನೇ ದಿನ ನಾನು ಏಳುವ ಹೊತ್ತಿಗೆ ದೇವರ ಮುಂದೆ ದಾಸವಾಳ ಇತ್ತು.