ಪಾರ್ಸೆಲಿನಲ್ಲಿ ಬರುವ ಮದ್ದು

ಪ್ರಶ್ನೆ: ಅಪ್ಪನಿಗೆ 78 ವರ್ಷ. ಬಿಪಿ, ಶುಗರ್, ಥೈರಾಯ್ಡ್ ಮೂರೂ ಇದೆ. ದಿನಕ್ಕೊಮ್ಮೆ ಇನ್ಸುಲಿನ್ ಬೇರೆ. ಮೂರು ತಿಂಗಳ ಮದ್ದು ಆನ್‌ಲೈನ್‌ನಲ್ಲಿ ಒಟ್ಟಿಗೆ ತರಿಸೋಣ, ಕ್ರಯ ಕಡಿಮೆ ಎನ್ನುತ್ತಾನೆ ಬೆಂಗಳೂರಿನ ತಮ್ಮ. ನಂಬಬಹುದೇ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು

ಉತ್ತರ: ಗುಳಿಗೆ ತರಿಸಿ, ಇನ್ಸುಲಿನ್ ಬೇಡ. ಬದಿಯಡ್ಕದಲ್ಲಿ ಮೂವತ್ತು ವರ್ಷ ಮದ್ದಿನ ಅಂಗಡಿ ಇಟ್ಟವನ ಹೊಟ್ಟೆಕಿಚ್ಚು ಎಂದುಕೊಳ್ಳಬೇಡಿ. ಅಂಗಡಿ ಮಾರಿ ಆಯಿತು. ನನ್ನ ಬಿಪಿ ಗುಳಿಗೆಯೂ ಈಗ ಪಾರ್ಸೆಲಿನಲ್ಲೇ ಬರುತ್ತದೆ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಐಸ್ ಪ್ಯಾಕ್ ಇಟ್ಟು ಕಳಿಸುತ್ತಾರೆ, ಸರಿ. ಆದರೆ ನಮ್ಮ ಕಡೆ ಕೊರಿಯರ್‌ನವರು ಗುಡ್ಡೆ ಹತ್ತಿ ಮನೆ ತನಕ ಬರುತ್ತಾರಾ? ಪೇಟೆಯ ಯಾವುದೋ ಅಂಗಡಿಯಲ್ಲಿಟ್ಟು ಫೋನ್ ಮಾಡುತ್ತಾರೆ. ಏಪ್ರಿಲ್ ಸೆಖೆಯಲ್ಲಿ ಎರಡು ದಿನ ಅಲ್ಲೇ ಕೂತರೆ? ಕೆಟ್ಟ ಇನ್ಸುಲಿನ್ ನೋಡಲು ಚೆನ್ನಾಗಿಯೇ ಇರಬಹುದು. ಅದನ್ನು ಫ್ರಿಜ್ ಇರುವ ಅಂಗಡಿಯಿಂದಲೇ ತನ್ನಿ.

ಗುಳಿಗೆಯ ತೊಂದರೆ ಹೆಸರಿನದ್ದು. ನನ್ನ ಅತ್ತಿಗೆಗೆ ಬಿಪಿಗೆ ಆಮ್ಲೋಡಿಪಿನ್. ಒಮ್ಮೆ ಪಾರ್ಸೆಲಿನಲ್ಲಿ ಬೇರೆ ಕಂಪೆನಿಯದ್ದು ಬಂತು. ಹೆಸರೂ ಬೇರೆ, ಬಣ್ಣವೂ ಬೇರೆ. ಹಳೆಯ ಸ್ಟ್ರಿಪ್ ಮನೆಯಲ್ಲಿತ್ತು. ಇದು ಹೊಸ ಮದ್ದು ಎಂದುಕೊಂಡು ಹತ್ತು ದಿನ ಎರಡನ್ನೂ ನುಂಗಿದರು. ಕಾಲು ಊದಿ ಚಪ್ಪಲಿಯೇ ಹಿಡಿಯಲಿಲ್ಲ. ಅಂಗಡಿಯಲ್ಲಾದರೆ "ಅಕ್ಕಾ, ಇದು ಅದೇ" ಎಂದು ಹೇಳಲು ಒಬ್ಬನಿರುತ್ತಾನೆ, ಅಲ್ವಾ?

ಹಾಗಾಗಿ ಪಾರ್ಸೆಲ್ ಬಂದ ದಿನವೇ ಕನ್ನಡಕ ಹಾಕಿ ಕೂತುಕೊಳ್ಳಿ. ದೊಡ್ಡಕ್ಷರದ ಹೆಸರು ಬಿಡಿ. ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರು, ಮಿಲಿಗ್ರಾಂ, ಎಕ್ಸ್‌ಪೈರಿ ನೋಡಿ, ಡಾಕ್ಟರ ಚೀಟಿಗೆ ತಾಳೆ ಹಾಕಿ. ಥೈರಾಯ್ಡ್ ಗುಳಿಗೆಯ ಕಂಪೆನಿ ಮಾತ್ರ ಬದಲಾಗದಿರಲಿ. ಬದಲಾದರೆ ಡಾಕ್ಟರಿಗೆ ತಿಳಿಸಿ, ಆರು ವಾರ ಬಿಟ್ಟು ಥೈರಾಯ್ಡಿನ ರಕ್ತಪರೀಕ್ಷೆ (ಟಿಎಸ್‌ಎಚ್) ಮಾಡಿಸಿ.

ಚೀಟಿ ಕೇಳದೆ ಕಳಿಸುವವರ ಸಹವಾಸವೇ ಬೇಡ. ಡೋಸ್ ಈಚೆಗೆ ಬದಲಾಗಿದ್ದರೆ ಒಂದು ತಿಂಗಳದ್ದು ಸಾಕು, ಜಾಸ್ತಿ ತರಿಸಿದರೆ ಸುಮ್ನೆ ದಂಡ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಪಾರ್ಸೆಲ್ ತಡವಾಗುತ್ತದೆ. 15 ದಿನದ್ದು ಕೈಯಲ್ಲಿರುವಾಗಲೇ ಆರ್ಡರ್ ಮಾಡಿ.

ಇನ್ನು ಕ್ರಯ. ಜನೌಷಧಿಯಲ್ಲಿ, ಸಹಕಾರಿ ಸಂಘದವರ ನೀತಿ ಮದ್ದಿನಂಗಡಿಯಲ್ಲಿ ಎಷ್ಟೆಂದು ತಮ್ಮ ಕೇಳಿದ್ದಾನಾ? ಬಿಪಿ, ಶುಗರ್ ಗುಳಿಗೆ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ. ಅಪ್ಪನ ಹೆಸರು ಅಲ್ಲಿ ಬರೆಸಿದ್ದೀರಾ?