ಯೆಹೂದಿ ಮೆನುಹಿನ್ ಪಿಟೀಲು ಬಿಟ್ಟು ಕಂಡಕ್ಟರ್ ಆದದ್ದು ಯಾಕೆ?

ಕಂಡಕ್ಟರ್ ಅಂದ ಕೂಡಲೇ ಬೆಂಗಳೂರಿನ ನಮಗೆ ‘ರೈಟ್ ರೈಟ್’ ನೆನಪಾಗುತ್ತದೆ, ಅಲ್ವಾ? ಇವರು ಕೋಲು ಹಿಡಿದು ವಾದ್ಯವೃಂದ ನಡೆಸುವವರು. ಮೆನುಹಿನ್ ಪಿಟೀಲನ್ನು ಒಂದೇ ಸಲಕ್ಕೆ ಬಿಟ್ಟವರಲ್ಲ. ಕೈ ಮೊದಲಿನಂತೆ ಮಾತು ಕೇಳದಾದಾಗ ನಿಧಾನವಾಗಿ ಆ ಕಡೆ ಹೊರಳಿದರು.

ಹುಟ್ಟಿದ್ದು 1916ರಲ್ಲಿ, ನ್ಯೂಯಾರ್ಕ್‌ನಲ್ಲಿ. 1929ರಲ್ಲಿ ಬರ್ಲಿನ್‌ನಲ್ಲಿ ಬಾಖ್, ಬೀಥೋವನ್, ಬ್ರಾಮ್ಸ್ ಎಂಬ ಮೂವರು ಸಂಗೀತ ರಚನೆಕಾರರ ಕನ್ಸರ್ಟೋಗಳನ್ನೂ (ವಾದ್ಯವೃಂದದ ಜೊತೆ ಪಿಟೀಲೇ ಮುಂದಿರುವ ಕೃತಿಗಳು) ಒಂದೇ ಸಂಜೆ ನುಡಿಸಿದಾಗ ಹುಡುಗನಿಗಿನ್ನೂ ಹದಿಮೂರು ತುಂಬಿರಲಿಲ್ಲ. ಮಹಾಯುದ್ಧದಲ್ಲಿ ಸೈನಿಕರಿಗಾಗಿ ನೂರಾರು ಕಚೇರಿ ಕೊಟ್ಟರು. ದೇಹ ದಣಿಯಿತು. ಚಿಕ್ಕಂದಿನಲ್ಲಿ ಸಹಜವಾಗಿ ಬಂದಿದ್ದ ಪಿಟೀಲು ಬಿಲ್ಲಿನ ಹಿಡಿತವನ್ನು ದೊಡ್ಡವರಾದ ಮೇಲೆ ಕೂತು ಹೊಸದಾಗಿ ಕಲಿಯಬೇಕಾಯಿತು.

ಇಲ್ಲಿ ನಮ್ಮವರೊಬ್ಬರು ಬರುತ್ತಾರೆ. 1952ರಲ್ಲಿ ನೆಹರೂ ಕರೆದರೆಂದು ಭಾರತಕ್ಕೆ ಬಂದಾಗ ಮುಂಬೈಯಲ್ಲಿ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರ ಭೇಟಿಯಾಯಿತು. ಅವರು ಕೋಲಾರ ಸೀಮೆಯ ಬೆಳ್ಳೂರಿನವರು. ಸಿಕ್ಕಿದ್ದು ಐದೇ ನಿಮಿಷ. ಅಯ್ಯಂಗಾರರು ಸುಮ್ನೆ ಮಲಗಿಸಿ ಶವಾಸನ ಮಾಡಿಸಿದರು. ಮೆನುಹಿನ್ ಅಲ್ಲೇ ನಿದ್ದೆ ಹೋದರಂತೆ! ಆಮೇಲೆ ಅವರನ್ನೇ ಗುರು ಎಂದುಕೊಂಡರು, ಯೂರೋಪಿಗೂ ಕರೆಸಿಕೊಂಡರು. ಬರ್ಲಿನ್‌ನಲ್ಲಿ ಒಮ್ಮೆ ಮೆನುಹಿನ್ ಶೀರ್ಷಾಸನ ಹಾಕಿ, ಕಾಲಲ್ಲೇ ಬೀಥೋವನ್ನನ ಐದನೇ ಸಿಂಫನಿ ನಡೆಸಿದ್ದೂ ಉಂಟು.

ಕೊನೆಯ ವರ್ಷಗಳಲ್ಲಿ ಕೋಲೇ ಜಾಸ್ತಿಯಾಯಿತು. 1999ರಲ್ಲಿ ಬರ್ಲಿನ್‌ನಲ್ಲೇ ತೀರಿಕೊಂಡರು. ನನ್ನ ಕೇಳಿದರೆ ಕಂಡಕ್ಟರ್ ಮೆನುಹಿನ್‌ಗಿಂತ ಪಿಟೀಲಿನ ಮೆನುಹಿನ್ನೇ ದೊಡ್ಡವರು. 1932ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಇಂಗ್ಲಿಷ್ ಸಂಗೀತ ರಚನೆಕಾರ ಎಲ್ಗರ್ ಸ್ವತಃ ಕಂಡಕ್ಟರಾಗಿ, ಮೆನುಹಿನ್ ಪಿಟೀಲು ನುಡಿಸಿದ ಎಲ್ಗರ್ ಕನ್ಸರ್ಟೋ ರೆಕಾರ್ಡಿಂಗ್‌ನಿಂದ ಕೇಳಲು ಶುರು ಮಾಡಿ.